ಕರೆಂಟ್ ಹೋದ ಮೇಲೆ ಎಷ್ಟು ಗಂಟೆ? ದೂರಸಂಪರ್ಕ ಗೋಪುರಗಳಿಗೂ ಗಣಕ ಕೇಂದ್ರಗಳಿಗೂ ಇಂಧನ ಕೋಶ

(ಬೇಲೂರಿನಲ್ಲಿ ನಡೆದ ನಮ್ಮ ಒಕ್ಕೂಟದ ಸಭೆಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಕಾಡು, ಹೊಳೆ, ಘಟ್ಟದ ರಸ್ತೆ, ಆನೆಗಳ ದಾರಿ ಇವುಗಳ ಬಗ್ಗೆ ಮಾತನಾಡಲು ನಾವು ಸಾಮಾನ್ಯವಾಗಿ ಸೇರುತ್ತೇವೆ. ಇಂದು ನನಗೆ ಒಪ್ಪಿಸಿರುವ ವಿಷಯ ಮೊದಲ ನೋಟಕ್ಕೆ ಇಂಜಿನಿಯರುಗಳ ಪಾಲಿನದೆಂದು ತೋರಬಹುದು. ಮೊಬೈಲ್ ಗೋಪುರಗಳಿಗೂ ಗಣಕ ಕೇಂದ್ರಗಳಿಗೂ ಕರೆಂಟ್ ಹೋದಾಗ ಆಸರೆಯಾಗುವ ವಿದ್ಯುತ್ತನ್ನು ಎಲ್ಲಿಂದ ತರಬೇಕು, ಅದಕ್ಕೆ ಇಂಧನ ಕೋಶ ಎಂಬ ಸಾಧನ ತಕ್ಕುದೆ ಎಂಬುದು ಆ ವಿಷಯ. ಇದು ನಮ್ಮ ವಿಷಯವೂ ಹೌದು ಎಂಬುದನ್ನು ತೋರಿಸಲು ಒಂದು ಘಟನೆಯಿಂದ ಆರಂಭಿಸುತ್ತೇನೆ.

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ ಗ್ರಾಮಗಳ ಮೇಲೆ ಗುಡ್ಡ ಕುಸಿಯಿತು. ವಿದ್ಯುತ್ ಮಾರ್ಗಗಳು ಕಡಿದುಹೋದವು. ಚೂರಲ್‌ಮಲದಲ್ಲಿದ್ದ ಬಿ.ಎಸ್.ಎನ್.ಎಲ್. ಗೋಪುರವನ್ನು ಸಿಬ್ಬಂದಿ ಡೀಸೆಲ್ ಜನರೇಟರ್ ನಡೆಸಿ ಜೀವಂತವಾಗಿ ಉಳಿಸಿಕೊಂಡರು. ರಕ್ಷಣಾ ತಂಡಗಳ ಮಾತುಕತೆಗೂ ಬಂಧುಗಳ ಹುಡುಕಾಟಕ್ಕೂ ಅದು ಆಧಾರವಾಯಿತು. ಮಲೆನಾಡಿನಲ್ಲಿ ಮಳೆಗಾಲ ಕಂಡ ನಮಗೆ ಈ ಮಾತಿನ ತೂಕ ಗೊತ್ತು. ಗೋಪುರದ ಬುಡದ ಹೊಗೆಯನ್ನು ವಿರೋಧಿಸುವ ನಾವು, ಆ ರಾತ್ರಿ ಡೀಸೆಲ್ ಇಲ್ಲದಿದ್ದರೆ ಬೇರೆ ಏನಿರಬೇಕಿತ್ತು ಎಂಬುದನ್ನೂ ಹೇಳಬೇಕಾಗುತ್ತದೆ. ಪರ್ಯಾಯವನ್ನು ಹೇಳದ ವಿರೋಧವನ್ನು ಯಾರೂ ಬಹಳ ಕಾಲ ಕೇಳುವುದಿಲ್ಲ.

ಮೊದಲು ಸಮಸ್ಯೆಯ ಗಾತ್ರವನ್ನು ನೋಡೋಣ. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2011ರ ಏಪ್ರಿಲ್‌ನಲ್ಲಿ ನೀಡಿದ ಶಿಫಾರಸುಗಳಲ್ಲಿ, ಆಗ ದೇಶದಲ್ಲಿದ್ದ ಸುಮಾರು 3.10 ಲಕ್ಷ ಗೋಪುರಗಳು ವರ್ಷಕ್ಕೆ ಸುಮಾರು 200 ಕೋಟಿ ಲೀಟರ್ ಡೀಸೆಲ್ ಸುಡುತ್ತಿವೆಯೆಂದು ಲೆಕ್ಕ ಹಾಕಲಾಗಿತ್ತು. ಅದರಿಂದ ಹೊರಬೀಳುತ್ತಿದ್ದ ಇಂಗಾಲದ ಡೈಆಕ್ಸೈಡ್ ಸುಮಾರು 53 ಲಕ್ಷ ಟನ್. ಗೋಪುರಗಳಿಗೆ ಬೇಕಾದ ವಿದ್ಯುತ್ತಿನಲ್ಲಿ ನೂರಕ್ಕೆ 60ರಷ್ಟು ಪಾಲು ಆಗ ಜನರೇಟರುಗಳಿಂದಲೇ ಬರುತ್ತಿತ್ತು. 2012ರ ಜನವರಿಯಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆಯು, ಗ್ರಾಮೀಣ ಗೋಪುರಗಳಲ್ಲಿ ಶೇ. 50 ಮತ್ತು ನಗರದ ಗೋಪುರಗಳಲ್ಲಿ ಶೇ. 20 ಭಾಗ 2015ರೊಳಗೆ ನವೀಕರಿಸಬಹುದಾದ ಶಕ್ತಿ ಸೇರಿದ ಮಿಶ್ರ ವ್ಯವಸ್ಥೆಗೆ ಬದಲಾಗಬೇಕೆಂದು ನಿರ್ದೇಶಿಸಿತು. 2020ರ ಗುರಿ ಕ್ರಮವಾಗಿ ಶೇ. 75 ಮತ್ತು ಶೇ. 33. ಆ ಎರಡೂ ಗಡುವುಗಳು ಕಳೆದುಹೋಗಿವೆ. ಅಲ್ಲಿಂದೀಚೆಗೆ ಹಳ್ಳಿಗಳಿಗೆ ವಿದ್ಯುತ್ ಪೂರೈಕೆ ಸುಧಾರಿಸಿದೆ ಎಂಬುದನ್ನು ಒಪ್ಪಬೇಕು. ಹವಾನಿಯಂತ್ರಿತ ಕೊಠಡಿ ಬೇಡದ ಹೊಸ ಉಪಕರಣಗಳೂ ಬಂದಿವೆ. ಆದರೂ ಜನರೇಟರಿನ ಸದ್ದು ನಿಂತಿಲ್ಲ.

ಇನ್ನು ಇಂಧನ ಕೋಶವೆಂದರೇನು? ನೀರಿನಲ್ಲಿ ವಿದ್ಯುತ್ ಹಾಯಿಸಿದರೆ ಜಲಜನಕ ಮತ್ತು ಆಮ್ಲಜನಕ ಬೇರ್ಪಡುತ್ತವೆ ಎಂಬುದನ್ನು ನಾವೆಲ್ಲ ಶಾಲೆಯಲ್ಲಿ ಕಂಡಿದ್ದೇವೆ. ಇಂಧನ ಕೋಶದಲ್ಲಿ ಅದೇ ಕ್ರಿಯೆ ಹಿಮ್ಮುಖವಾಗಿ ನಡೆಯುತ್ತದೆ. ತೆಳುವಾದ ಪೊರೆಯ ಒಂದು ಬದಿಗೆ ಜಲಜನಕವನ್ನೂ ಇನ್ನೊಂದು ಬದಿಗೆ ಗಾಳಿಯನ್ನೂ ಹಾಯಿಸಿದರೆ, ಪ್ಲಾಟಿನಂ ವೇಗವರ್ಧಕದ ಸಹಾಯದಿಂದ ಅವು ಕೂಡಿ ನೀರಾಗುತ್ತವೆ. ಕೂಡುವ ದಾರಿಯಲ್ಲಿ ವಿದ್ಯುತ್ತನ್ನೂ ಸ್ವಲ್ಪ ಶಾಖವನ್ನೂ ಕೊಡುತ್ತವೆ. ಇಲ್ಲಿ ಉರಿಯಿಲ್ಲ, ಹೊಗೆಯಿಲ್ಲ, ಫ್ಯಾನಿನ ಸಣ್ಣ ಸದ್ದು ಮಾತ್ರ. ಬ್ಯಾಟರಿಯ ಶಕ್ತಿ ಅದರ ಒಡಲಲ್ಲೇ ಇರುತ್ತದೆ, ತೀರಿದರೆ ಮತ್ತೆ ತುಂಬಬೇಕು. ಇಂಧನ ಕೋಶಕ್ಕೆ ಹೊರಗಿನಿಂದ ಇಂಧನ ಬರುತ್ತಿರುವಷ್ಟು ಕಾಲವೂ ಅದು ನಡೆಯುತ್ತದೆ. ಈ ವ್ಯತ್ಯಾಸವನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದಿನ ವಾದವೆಲ್ಲ ಇದರ ಮೇಲೆ ನಿಂತಿದೆ.

ಇದು ಹೊಸ ಕಲ್ಪನೆಯಲ್ಲ. ಬ್ರಿಟನ್ನಿನ ವಿಲಿಯಂ ಗ್ರೋವ್ 1839ರ ವೇಳೆಗೇ ಇದರ ಮೂಲ ಪ್ರಯೋಗ ಮಾಡಿದ್ದರು. ಅಮೆರಿಕದ ಜೆಮಿನಿ ಮತ್ತು ಅಪೊಲೊ ನೌಕೆಗಳಲ್ಲಿ ಇದೇ ವಿದ್ಯುತ್ ಕೊಟ್ಟಿತು. ನಮ್ಮ ಇಸ್ರೋ 2024ರ ಜನವರಿ 1ರಂದು ಹಾರಿಸಿದ ಪಿ.ಎಸ್.ಎಲ್.ವಿ.–ಸಿ58ರ ಕೊನೆಯ ಹಂತದಲ್ಲಿ 100 ವಾಟ್ ದರ್ಜೆಯ ಇಂಧನ ಕೋಶವೊಂದನ್ನು ಭೂಮಿಯಿಂದ 350 ಕಿಲೋಮೀಟರ್ ಎತ್ತರದಲ್ಲಿ ಪರೀಕ್ಷಿಸಿತು. ಅದು 180 ವಾಟ್ ವಿದ್ಯುತ್ ಉತ್ಪಾದಿಸಿತು. ನಮ್ಮ ಜಿಲ್ಲಾ ಕೇಂದ್ರ ಹಾಸನದಲ್ಲಿ 1982ರಿಂದ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರವಿದೆ. ಒಂದು ಕ್ಷಣವೂ ವಿದ್ಯುತ್ ತಪ್ಪಬಾರದ ದೂರಸಂಪರ್ಕ ನೆಲೆ ಎಂದರೇನೆಂಬುದು ಈ ಜಿಲ್ಲೆಗೆ ನಾಲ್ಕು ದಶಕಗಳಿಂದ ಪರಿಚಿತ.

ಗೋಪುರಗಳಿಗೆ ಇಂಧನ ಕೋಶ ಒಗ್ಗುವುದಕ್ಕೆ ಒಂದು ಸರಳ ಕಾರಣವಿದೆ. ದೂರವಾಣಿ ಉಪಕರಣಗಳು ಹಳೆಯ ಕಾಲದಿಂದಲೂ 48 ವೋಲ್ಟಿನ ಡಿ.ಸಿ. ವಿದ್ಯುತ್ತಿನಲ್ಲಿ ನಡೆಯುತ್ತವೆ. ಜನರೇಟರ್ ಕೊಡುವುದು ಎ.ಸಿ.; ಅದನ್ನು ಮತ್ತೆ ಡಿ.ಸಿ.ಗೆ ಪರಿವರ್ತಿಸಬೇಕು. ಇಂಧನ ಕೋಶ ಹುಟ್ಟಿಸುವುದೇ ಡಿ.ಸಿ. ಕರೆಂಟ್ ಹೋದ ಮೊದಲ ಕೆಲವು ಕ್ಷಣಗಳನ್ನು ಸಣ್ಣ ಬ್ಯಾಟರಿಯೊಂದು ಹೊತ್ತುಕೊಂಡರೆ, ಅಷ್ಟರಲ್ಲಿ ಕೋಶ ಎದ್ದು ಭಾರವನ್ನು ವಹಿಸಿಕೊಳ್ಳುತ್ತದೆ.

ಈಗ ಲೆಕ್ಕಕ್ಕೆ ಬರೋಣ. 2 ಕಿಲೋವಾಟ್ ಬೇಡುವ ಒಂದು ಸಾಧಾರಣ ಗೋಪುರವನ್ನು ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ. 8 ಗಂಟೆ ಕರೆಂಟ್ ಹೋದರೆ ಅದಕ್ಕೆ 16 ಯೂನಿಟ್ ಬೇಕು. ಒಂದು ಕಿಲೋ ಜಲಜನಕದಲ್ಲಿ ಸುಮಾರು 33 ಯೂನಿಟ್ ಶಕ್ತಿಯಿದೆ; ಇಂಧನ ಕೋಶ ಅದರ ಅರ್ಧದಷ್ಟನ್ನು ವಿದ್ಯುತ್ತಾಗಿ ಕೊಡುತ್ತದೆ. ಅಲ್ಲಿಗೆ 8 ಗಂಟೆಗೆ ಒಂದು ಕಿಲೋ ಜಲಜನಕ ಸಾಕು. ಅದೇ ಕೆಲಸಕ್ಕೆ, ತನ್ನ ಶಕ್ತಿಗಿಂತ ಬಹಳ ಕಡಿಮೆ ಭಾರದಲ್ಲಿ ಓಡುವ ಜನರೇಟರ್ ಗಂಟೆಗೆ 2 ಲೀಟರ್ ಡೀಸೆಲ್ ಕುಡಿಯುತ್ತದೆಂದು ಹಿಡಿದರೂ 16 ಲೀಟರ್ ಆಯಿತು. ಲೀಟರಿಗೆ ಸುಮಾರು 2.7 ಕಿಲೋದಂತೆ 43 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ.

ಹಾಗಾದರೆ ಜಲಜನಕದ್ದು ಸೊನ್ನೆಯೆ? ಗೋಪುರದ ಬುಡದಲ್ಲಿ ಸೊನ್ನೆ ಹೌದು, ಒಟ್ಟು ಲೆಕ್ಕದಲ್ಲಿ ಅಲ್ಲ. ಇಂದು ಕೈಗಾರಿಕೆಗಳಲ್ಲಿ ಬಳಸುವ ಜಲಜನಕದ ಬಹುಪಾಲು ನೈಸರ್ಗಿಕ ಅನಿಲ, ಕಲ್ಲಿದ್ದಲಿನಂಥ ಪಳೆಯುಳಿಕೆ ಇಂಧನಗಳಿಂದಲೇ ಬರುತ್ತದೆ. ನೈಸರ್ಗಿಕ ಅನಿಲದಿಂದ ತೆಗೆದ ಒಂದು ಕಿಲೋ ಜಲಜನಕಕ್ಕೆ 9ರಿಂದ 10 ಕಿಲೋ ಇಂಗಾಲದ ಡೈಆಕ್ಸೈಡ್ ಕಾರ್ಖಾನೆಯಲ್ಲೇ ಹೊರಬಿದ್ದಿರುತ್ತದೆ. ಸಿಲಿಂಡರಿಗೆ ಒತ್ತಿ ತುಂಬುವ, ಲಾರಿಯಲ್ಲಿ ತರುವ ಖರ್ಚು ಬೇರೆ. ಡೀಸೆಲ್ಲಿಗಿಂತ ಇದು ಬಹಳ ಕಡಿಮೆ ಎಂಬುದು ನಿಜ. ಆದರೆ ‘ನೀರು ಮಾತ್ರ ಹೊರಬರುತ್ತದೆ’ ಎಂಬ ಜಾಹೀರಾತಿನ ಮಾತು ಅರ್ಧ ಸತ್ಯ.

ಸಾಗಣೆಯ ಲೆಕ್ಕ ಇನ್ನೂ ಕಠಿಣವಾಗಿದೆ. ಮೂರು ದಿನ ಕರೆಂಟ್ ಇಲ್ಲವೆಂದರೆ ಅದೇ ಗೋಪುರಕ್ಕೆ 144 ಯೂನಿಟ್, ಅಂದರೆ 9 ಕಿಲೋ ಜಲಜನಕ ಬೇಕು. ನಾವು ಸಾಮಾನ್ಯವಾಗಿ ಕಾಣುವ ಆಳೆತ್ತರದ ಉಕ್ಕಿನ ಸಿಲಿಂಡರಿನಲ್ಲಿ ಹಿಡಿಯುವುದು ಸುಮಾರು 0.6 ಕಿಲೋ, ಸಿಲಿಂಡರಿನ ತೂಕವೇ 50 ಕಿಲೋಗೂ ಹೆಚ್ಚು. 9 ಕಿಲೋ ಅನಿಲಕ್ಕಾಗಿ 15 ಸಿಲಿಂಡರ್, ಮುಕ್ಕಾಲು ಟನ್ನಿಗೂ ಮಿಕ್ಕ ಉಕ್ಕನ್ನು ಹೊರಬೇಕು. ಅದೇ ಮೂರು ದಿನಕ್ಕೆ ಬೇಕಾದ ಡೀಸೆಲ್ ಒಂದು ಬ್ಯಾರೆಲ್ಲಿನೊಳಗೆ ಹಿಡಿಯುತ್ತದೆ, ಜೀಪಿನಲ್ಲಿ ಹೋಗುತ್ತದೆ. ಡೀಸೆಲ್ ಇಷ್ಟು ಕಾಲ ಉಳಿದಿರುವುದಕ್ಕೆ ಕಂಪನಿಗಳ ಉದಾಸೀನವೊಂದೇ ಕಾರಣವಲ್ಲ ಎಂಬುದನ್ನು ನಾವು ಪ್ರಾಮಾಣಿಕವಾಗಿ ಒಪ್ಪಬೇಕು. ಹಾಗೆಂದೇ ಜಲಜನಕವನ್ನು ಮಳೆಗಾಲಕ್ಕೆ ಮುಂಚೆಯೇ, ರಸ್ತೆ ಗಟ್ಟಿಯಿರುವಾಗಲೇ, ಒಯ್ದು ಇಡುವ ಕ್ರಮವಿದ್ದರೆ ಮಾತ್ರ ಈ ಸಾಧನ ಬೆಟ್ಟದ ಮೇಲೆ ಬಾಳುತ್ತದೆ.

ಸೌದೆಯಂತೆ ಮುಂಚಿತವಾಗಿ ಕೂಡಿಡುವ ಈ ಮಾತು ಬಂದಾಗ ನನಗೆ ಅರಸೀಕೆರೆಯ ರೈತರ ನೆನಪಾಗುತ್ತದೆ. ಅವರು ತೆಂಗಿನಕಾಯಿಯನ್ನು ಎರಡು ಬಗೆಯಲ್ಲಿ ಬಳಸುತ್ತಾರೆ. ಅಂದಂದಿನ ಅಡಿಗೆಗೆ ಹಸಿಕಾಯಿ ಒಡೆಯುತ್ತಾರೆ. ಉಳಿದುದನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು ಉಂಡೆ ಕೊಬ್ಬರಿಯಾಗಿಸುತ್ತಾರೆ. ಕೊಬ್ಬರಿ ಮಾಡುವಾಗ ತೂಕ ಬಹಳ ಇಳಿಯುತ್ತದೆ, ಆದರೆ ಸರಕು ಕೆಡದೆ ಉಳಿಯುತ್ತದೆ. ಬ್ಯಾಟರಿಯೂ ಜಲಜನಕವೂ ಹೀಗೆಯೇ. ಲಿಥಿಯಂ ಬ್ಯಾಟರಿಗೆ 100 ಯೂನಿಟ್ ತುಂಬಿದರೆ 85–90 ಯೂನಿಟ್ ಹಿಂದಿರುಗುತ್ತದೆ. ನೀರನ್ನು ಒಡೆದು ಒಂದು ಕಿಲೋ ಜಲಜನಕ ಮಾಡಲು 50 ಯೂನಿಟ್‌ಗಿಂತ ಹೆಚ್ಚು ಬೇಕು, ಇಂಧನ ಕೋಶದಿಂದ ಹಿಂದಿರುಗುವುದು 16 ಯೂನಿಟ್. ಮೂರರಲ್ಲಿ ಎರಡು ಪಾಲು ದಾರಿಯಲ್ಲೇ ಹೋಯಿತು. ಪ್ರತಿದಿನವೂ ಬಳಸುವುದಕ್ಕೆ ಇದು ದುಂದು. ಆದರೆ ವರ್ಷಕ್ಕೆ ನಾಲ್ಕಾರು ಸಲ ಎರಗುವ ದೀರ್ಘ ಕತ್ತಲೆಗೆ ಬ್ಯಾಟರಿಯನ್ನೇ ನೆಚ್ಚಿದರೆ, 48 ವೋಲ್ಟ್, 100 ಆಂಪಿಯರ್‌–ಗಂಟೆಯ ಪೆಟ್ಟಿಗೆಗಳು 30 ಬೇಕಾಗುತ್ತವೆ. 8 ಗಂಟೆಗಾದರೆ ನಾಲ್ಕು ಸಾಕು. ಉಳಿದ 26 ಪೆಟ್ಟಿಗೆಗಳು ವರ್ಷವಿಡೀ ಸುಮ್ಮನೆ ಕೂತು ಹಳತಾಗುತ್ತವೆ.

ಆದ್ದರಿಂದ ಯಾವ ಯಂತ್ರ ಒಳ್ಳೆಯದು ಎಂದು ಕೇಳುವ ಮೊದಲು, ಇಲ್ಲಿ ಕರೆಂಟ್ ಎಷ್ಟು ಗಂಟೆ ಹೋಗುತ್ತದೆ ಎಂದು ಕೇಳಬೇಕು. ನನ್ನ ಉಪನ್ಯಾಸದ ಸಾರವೆಲ್ಲ ಈ ಒಂದು ಪ್ರಶ್ನೆಯಲ್ಲಿದೆ. ಇದನ್ನು ಹಿಡಿದು ನಮ್ಮ ಮೂರು ಊರುಗಳನ್ನು ನೋಡೋಣ.

ಅರಸೀಕೆರೆ ಬಯಲುಸೀಮೆ. ಮಳೆ ಕಡಿಮೆ, ಬಿಸಿಲು ಧಾರಾಳ. ರೈಲ್ವೆ ಜಂಕ್ಷನ್ ಇರುವ ಊರು. ದಾರಿ ಕಡಿದುಹೋಗುವ ಭಯ ಕಡಿಮೆ, ರಿಪೇರಿಯವರು ಬೇಗ ತಲುಪುತ್ತಾರೆ. ಇಲ್ಲಿ ಕರೆಂಟ್ ಹೋದರೆ ಅದು ಸಾಮಾನ್ಯವಾಗಿ ಗಂಟೆಗಳ ಮಾತು. ಒಂದು ಕಿಲೋವಾಟ್ ಸೌರಫಲಕ ನಮ್ಮ ರಾಜ್ಯದಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ನಾಲ್ಕು ಕಿಲೋವಾಟ್ ಫಲಕವೂ ನಾಲ್ಕು ಪೆಟ್ಟಿಗೆ ಬ್ಯಾಟರಿಯೂ ನಾನು ಹೇಳಿದ 8 ಗಂಟೆಯನ್ನು ದಾಟಿಸುತ್ತವೆ. ಅರಸೀಕೆರೆಗೆ ಇಂಧನ ಕೋಶ ತರುವುದು ಅನಗತ್ಯ ಆಡಂಬರವಾದೀತು. ಇಲ್ಲಿ ನಾವು ಕೇಳಬೇಕಾದುದು ಸೂರ್ಯನನ್ನು ಮತ್ತು ಬ್ಯಾಟರಿಯನ್ನು. ಹಳೆಯ ಸೀಸದ ಬ್ಯಾಟರಿಗಳು ಗುಜರಿಯವರ ಕೈಗೆ ಸೇರಿ ಹೊಲ–ಕೆರೆಗೆ ವಿಷವಾಗದಂತೆ ತಯಾರಕರಿಗೇ ಹಿಂದಿರುಗುವ ವ್ಯವಸ್ಥೆಯನ್ನು ಕೂಡ.

ಬೇಲೂರು ತಾಲ್ಲೂಕಿನ ಪಶ್ಚಿಮ ಭಾಗದ ಕಥೆ ಬೇರೆ. ಬಿಕ್ಕೋಡು, ಅರೇಹಳ್ಳಿ ಕಡೆ ಕಾಫಿ ತೋಟಗಳ ನೆರಳು ಮರಗಳ ನಡುವೆ ವಿದ್ಯುತ್ ತಂತಿ ಹಾದುಹೋಗಿದೆ. ಆಷಾಢದ ಗಾಳಿಗೆ ಮರವೊಂದು ಬಿದ್ದರೆ ಕಂಬಗಳು ಸಾಲಾಗಿ ಮಲಗುತ್ತವೆ. ಆ ದಿನಗಳಲ್ಲಿ ಬಿಸಿಲೂ ಇರುವುದಿಲ್ಲ. ಫಲಕವಿದ್ದರೂ ಪ್ರಯೋಜನ ಅತ್ಯಲ್ಪ. ಅಂದರೆ ಆಸರೆ ಹೆಚ್ಚು ಬೇಕಾದ ದಿನಗಳಲ್ಲೇ ಸೂರ್ಯ ಕೈಕೊಡುತ್ತಾನೆ. ಸೌರಶಕ್ತಿಯ ಪರವಾಗಿ ಮಾತನಾಡುವ ನಾವು ಈ ದೌರ್ಬಲ್ಯವನ್ನು ಮುಚ್ಚಿಡಬಾರದು. ಇಂಧನ ಕೋಶಕ್ಕೆ ನಿಜವಾದ ಜಾಗವಿರುವುದು ಇಲ್ಲಿ: ಬೆಟ್ಟದ ಮೇಲಿನ, ಹಲವು ಹಳ್ಳಿಗಳಿಗೆ ಒಂದೇ ಆಸರೆಯಾದ, ಇತರ ಗೋಪುರಗಳಿಗೂ ಸಂಕೇತವನ್ನು ದಾಟಿಸಿಕೊಡುವ ಕೆಲವೇ ಗೋಪುರಗಳಲ್ಲಿ. ಎಲ್ಲ ಗೋಪುರಗಳಿಗೂ ಬೇಡ. ಯಾವುದು ನಿಂತರೆ ಇಡೀ ಹೋಬಳಿ ಮೂಕವಾಗುತ್ತದೆಯೋ ಅದಕ್ಕೆ ಬೇಕು.

ಹಳೇಬೀಡಿನ ಪ್ರಶ್ನೆ ಮತ್ತೊಂದು ಬಗೆಯದು. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ ಎಂದು ಕಾನೂನಿದೆ. ಕಟ್ಟಡಕ್ಕೆ ಈ ಗಡಿ ಅನ್ವಯಿಸುತ್ತದೆ. ಸದ್ದಿಗೂ ಡೀಸೆಲ್ ವಾಸನೆಗೂ ಗಡಿ ಗೊತ್ತಿಲ್ಲ. ಜನರೇಟರಿನ ಪೆಟ್ಟಿಗೆಯಿಂದ ಒಂದು ಮೀಟರ್ ದೂರದಲ್ಲಿ 75 ಡೆಸಿಬಲ್ ವರೆಗೆ ಸದ್ದಿಗೆ ನಿಯಮವೇ ಅವಕಾಶ ಕೊಡುತ್ತದೆ. ಪ್ರವಾಸಿಗರು ಹೆಚ್ಚಿದಂತೆ ಗೋಪುರ, ಹೋಟೆಲು, ಟಿಕೆಟ್ ಕೊಡುವ ಗಣಕಯಂತ್ರ ಎಲ್ಲಕ್ಕೂ ಆಸರೆ ವಿದ್ಯುತ್ ಬೇಕಾಗುತ್ತದೆ. ಒಬ್ಬೊಬ್ಬರೂ ಒಂದೊಂದು ಜನರೇಟರ್ ಇಟ್ಟರೆ ದ್ವಾರಸಮುದ್ರದ ದಂಡೆಯಲ್ಲಿ ಹಕ್ಕಿಯ ದನಿ ಕೇಳದು. ಇಲ್ಲಿ ಹಂಚಿಕೊಂಡ ಒಂದು ನಿಶ್ಶಬ್ದ ವ್ಯವಸ್ಥೆ, ಮೊದಲು ಬ್ಯಾಟರಿ, ಸಾಲದಿದ್ದರೆ ಇಂಧನ ಕೋಶ, ಎಂದು ಪಂಚಾಯಿತಿಯೂ ಪುರಾತತ್ತ್ವ ಇಲಾಖೆಯೂ ಕೂಡಿ ಯೋಚಿಸಬೇಕು.

ಗಣಕ ಕೇಂದ್ರಗಳೆಂದರೆ ಬೆಂಗಳೂರಿನ ಸಂಗತಿಯೆಂದು ಕೆಲವರು ಭಾವಿಸಬಹುದು. ‘ಭೂಮಿ’ ಯೋಜನೆ ಬಂದ ಮೇಲೆ ಅರಸೀಕೆರೆಯ ರೈತನ ಪಹಣಿ ಗಣಕದಲ್ಲಿದೆ. ತಾಲ್ಲೂಕು ಕಚೇರಿಯ ಯು.ಪಿ.ಎಸ್., ದಾರಿಯ ಗೋಪುರಗಳು, ಬೆಂಗಳೂರಿನ ದತ್ತಾಂಶ ಕೇಂದ್ರ, ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಅವನು ಬರಿಗೈಲಿ ಮನೆಗೆ ಹೋಗುತ್ತಾನೆ. ದೊಡ್ಡ ದತ್ತಾಂಶ ಕೇಂದ್ರಗಳು ಮೆಗಾವಾಟ್ ಗಾತ್ರದ ಡೀಸೆಲ್ ಜನರೇಟರುಗಳನ್ನು ಸಾಲಾಗಿ ಇಟ್ಟುಕೊಂಡಿರುತ್ತವೆ. ಮೈಕ್ರೋಸಾಫ್ಟ್ ಸಂಸ್ಥೆ 2020ರಲ್ಲಿ 250 ಕಿಲೋವಾಟ್ ಇಂಧನ ಕೋಶದಿಂದ ಸರ್ವರುಗಳ ಒಂದು ಸಾಲನ್ನು 48 ಗಂಟೆ ನಡೆಸಿತು; 2022ರಲ್ಲಿ ನ್ಯೂಯಾರ್ಕ್ ರಾಜ್ಯದ ಲೇಥಮ್‌ನಲ್ಲಿ 3 ಮೆಗಾವಾಟ್ ವ್ಯವಸ್ಥೆಯನ್ನು ಪರೀಕ್ಷಿಸಿತು. ಬೆಂಗಳೂರಿಗೆ 2013ರಲ್ಲಿ ದಾಭೋಲ್‌ನಿಂದ ಅನಿಲ ಕೊಳವೆ ಬಂದ ಮೇಲೆ, ಕೆ.ಆರ್. ಶ್ರೀಧರ್ ಅಮೆರಿಕದಲ್ಲಿ ಕಟ್ಟಿದ ಬ್ಲೂಮ್ ಎನರ್ಜಿ ಸಂಸ್ಥೆಯ ಇಂಧನ ಕೋಶಗಳು ಇಲ್ಲಿನ ಇಂಟೆಲ್ ಆವರಣಕ್ಕೂ ಬಂದವು. ಅವು ನೈಸರ್ಗಿಕ ಅನಿಲವನ್ನೇ ಬಳಸುತ್ತವೆ: ಮಸಿಯಿಲ್ಲ, ಇಂಗಾಲ ಇದೆ. ಕೊಳವೆ ಇರುವ ನಗರಕ್ಕೆ ಒಗ್ಗಿದ್ದು ಕೊಳವೆ ಇಲ್ಲದ ಬೆಟ್ಟಕ್ಕೆ ಹಾಗೆಯೇ ಒಗ್ಗುವುದಿಲ್ಲ.

ಎಚ್ಚರದ ಕೆಲವು ಮಾತುಗಳನ್ನು ಸೇರಿಸಬೇಕು. ಸಿಲಿಂಡರಿನ ಕಷ್ಟ ತಪ್ಪಿಸಲು ಮೆಥನಾಲ್ ಎಂಬ ದ್ರವವನ್ನು ತಂದು, ಸ್ಥಳದಲ್ಲೇ ಜಲಜನಕ ತೆಗೆಯುವ ಕೋಶಗಳಿವೆ. ಸಾಗಣೆ ಸುಲಭ, ಆದರೆ ಮೆಥನಾಲ್ ಕಡು ವಿಷ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಬಡಜನ ಸತ್ತದ್ದು ಮೆಥನಾಲ್ ಬೆರೆತ ಕಳ್ಳಭಟ್ಟಿಯಿಂದ. ಕಾವಲಿಲ್ಲದ ಗೋಪುರದ ಬುಡದಲ್ಲಿ ಅದರ ಪೀಪಾಯಿ ಇಡುವುದಕ್ಕೆ ನಾನು ಒಪ್ಪಲಾರೆ. ಜಲಜನಕಕ್ಕೂ ತನ್ನದೇ ಅಪಾಯವಿದೆ: ಬಣ್ಣವಿಲ್ಲ, ವಾಸನೆಯಿಲ್ಲ, ಹಗಲಿನಲ್ಲಿ ಅದರ ಉರಿ ಕಣ್ಣಿಗೆ ಬೀಳದು. ಗಾಳಿಗಿಂತ ಬಹಳ ಹಗುರವಾದ್ದರಿಂದ ತೆರೆದ ಜಾಗದಲ್ಲಿ ಮೇಲೇರಿ ಚದುರುತ್ತದೆ. ಮುಚ್ಚಿದ ಕೊಠಡಿಯಲ್ಲಿ ಮಾಡಿನ ಕೆಳಗೆ ಕೂಡಿಕೊಳ್ಳುತ್ತದೆ. ಕೊಠಡಿಯ ನೆತ್ತಿಯಲ್ಲಿ ಗಾಳಿಕಿಂಡಿ, ಸೋರಿಕೆ ತಿಳಿಸುವ ಸಾಧನ, ಬೇಲಿ ಇವು ಕಡ್ಡಾಯ.

ದೊಡ್ಡ ಘೋಷಣೆಗಳನ್ನೂ ಅಳೆದು ನೋಡಬೇಕು. 2015ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಇಂಟೆಲಿಜೆಂಟ್ ಎನರ್ಜಿ ಎಂಬ ಇಂಧನ ಕೋಶ ಸಂಸ್ಥೆಯು ಭಾರತದ 27,400ರಷ್ಟು ಗೋಪುರಗಳ ವಿದ್ಯುತ್ ನಿರ್ವಹಣೆಯನ್ನು ವಹಿಸಿಕೊಳ್ಳುವ ಒಪ್ಪಂದ ಪ್ರಕಟಿಸಿತು. ಅದು ಪ್ರಕಟಿಸಿದ ರೂಪದಲ್ಲಿ ಕೈಗೂಡಲಿಲ್ಲ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ 19,744 ಕೋಟಿ ರೂಪಾಯಿಗಳ ಹಸಿರು ಜಲಜನಕ ಯೋಜನೆಗೆ ಒಪ್ಪಿಗೆ ನೀಡಿದೆ. ಆ ಜಲಜನಕದ ಒಂದು ಹನಿಯಾದರೂ ಮಲೆನಾಡಿನ ಗೋಪುರಕ್ಕೆ ಬರಲಿ ಎಂದು ಕೇಳುವವರು ನಾವೇ ಆಗಬೇಕು.

ಹತ್ತಿರದ ದಾರಿಯೂ ಒಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎಸ್. ದಾಸಪ್ಪ ಅವರ ತಂಡವು ಒಂದು ಕಿಲೋ ಜೀವರಾಶಿಯಿಂದ 100 ಗ್ರಾಂ ಜಲಜನಕ ತೆಗೆಯುವ ವಿಧಾನವನ್ನು 2022ರಲ್ಲಿ ಪ್ರಕಟಿಸಿತು. ಅಂದರೆ ಹತ್ತು ಕಿಲೋ ಒಣ ಜೀವರಾಶಿಗೆ ಒಂದು ಕಿಲೋ ಜಲಜನಕ, ಒಂದು ಗೋಪುರಕ್ಕೆ 8 ಗಂಟೆ. ತೆಂಗಿನ ಚಿಪ್ಪು, ಕಾಫಿ ತೋಟದ ಕಸಿ ಕಡ್ಡಿ ನಮ್ಮಲ್ಲಿ ಇವೆ. ಅದನ್ನು ಜಲಜನಕವಾಗಿಸಿ ಶುದ್ಧೀಕರಿಸುವ ಘಟಕ ಜಿಲ್ಲೆಗೊಂದಾದರೂ ಬೇಕು. ಇದೇ ಸಂಸ್ಥೆ 1988ರಲ್ಲಿ ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಗೆ ಸೌದೆಯ ಅನಿಲದಿಂದ ವಿದ್ಯುತ್ ಕೊಟ್ಟಿತ್ತು. ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ ಅದರಿಂದ ವರ್ಷಗಟ್ಟಲೆ ನಡೆದವು. ಯಂತ್ರದಷ್ಟೇ ಅದನ್ನು ನೋಡಿಕೊಳ್ಳುವ ಊರಿನ ಕೈಗಳೂ ಮುಖ್ಯವೆಂಬುದು ಹೊಸಹಳ್ಳಿಯ ಪಾಠ. ಎಂದೋ ಒಮ್ಮೆ ಓಡುವ ಇಂಧನ ಕೋಶಕ್ಕಂತೂ ಇದು ಇನ್ನೂ ಹೆಚ್ಚು ಸಲ್ಲುತ್ತದೆ. ತಿಂಗಳಿಗೊಮ್ಮೆ ಚಾಲೂ ಮಾಡಿ ನೋಡುವವರಿಲ್ಲದಿದ್ದರೆ ಬೇಕಾದ ರಾತ್ರಿ ಅದು ಏಳದು.

ಕೊನೆಯದಾಗಿ, ಇಲ್ಲಿಂದ ಹೊರಟ ಮೇಲೆ ನಾವು ಮಾಡಬಹುದಾದ ಕೆಲಸ. ಪ್ರತಿ ಫೀಡರಿನಲ್ಲಿ ಎಷ್ಟು ಸಲ, ಎಷ್ಟು ಹೊತ್ತು ವಿದ್ಯುತ್ ಹೋಯಿತೆಂಬ ದಾಖಲೆಯನ್ನು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದಿಂದಲೂ, ಗೋಪುರಗಳಿಗೆ ಸುಟ್ಟ ಡೀಸೆಲ್ಲಿನ ಲೆಕ್ಕವನ್ನು ಬಿ.ಎಸ್.ಎನ್.ಎಲ್.ನಿಂದಲೂ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳೋಣ. ಖಾಸಗಿ ಗೋಪುರಗಳ ಲೆಕ್ಕವನ್ನು ಗ್ರಾಮಸಭೆಯಲ್ಲಿ ಕೇಳೋಣ. ಈ ಮಳೆಗಾಲ ನಿಮ್ಮೂರಿನಲ್ಲಿ ಕರೆಂಟ್ ಹೋದ ಹೊತ್ತನ್ನೂ ಬಂದ ಹೊತ್ತನ್ನೂ, ಫೋನ್ ಸತ್ತ ಹೊತ್ತನ್ನೂ ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಆ ಮೂರು ಸಾಲುಗಳನ್ನು ಜೋಡಿಸಿದರೆ ಎಲ್ಲಿಗೆ ಫಲಕ, ಎಲ್ಲಿಗೆ ಬ್ಯಾಟರಿ, ಯಾವ ಒಂದೆರಡು ಬೆಟ್ಟಗಳಿಗೆ ಇಂಧನ ಕೋಶ ಎಂಬ ನಕ್ಷೆ ನಮ್ಮ ಕೈಯಲ್ಲೇ ಸಿದ್ಧವಾಗುತ್ತದೆ. ಮುಂದಿನ ಸಭೆಗೆ ಬರುವಾಗ ಆ ಪುಸ್ತಕಗಳನ್ನು ದಯವಿಟ್ಟು ತನ್ನಿ.